ಸೂರ್ಯಘರ್‌ನ 3 ಕಿಲೋವ್ಯಾಟ್ ಸೋಲಾರ್: ಕಾರವಾರದ ಉಪ್ಪುಗಾಳಿಗೆ, ಶಿರಸಿಯ ಮಳೆಗೆ ಎಷ್ಟು ತಾಳುತ್ತದೆ?

ಮನೆಯ ಮಾಡಿಗೆ ಸೋಲಾರ್ ಕೂರಿಸಲು ಕೇಂದ್ರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯ ಹೆಸರಲ್ಲಿ ಉತ್ತರ ಕನ್ನಡದ ಸೋಲಾರ್ ಅಂಗಡಿಗಳು ಇವತ್ತು ಮಾರುತ್ತಿರುವುದು ಹೆಚ್ಚುಕಡಿಮೆ ಒಂದೇ ಸರಕು. 540 ವ್ಯಾಟಿನ ಆರು ಪ್ಯಾನೆಲ್, ಪ್ಯಾನೆಲ್ಲಿನ ಡಿಸಿ ವಿದ್ಯುತ್ತನ್ನು ಮನೆಬಳಕೆಯ ಎಸಿ ಮಾಡುವ 3 ಕಿಲೋವ್ಯಾಟಿನ ಒಂದು ಸಿಂಗಲ್ ಫೇಸ್ ಇನ್ವರ್ಟರ್, ಡಿಸಿ ಪೆಟ್ಟಿಗೆ, ಎಸಿ ಪೆಟ್ಟಿಗೆ, ಪೈಪಿನ ಚೌಕಟ್ಟು, ಮೂರು ಅರ್ಥಿಂಗ್, ಮಿಂಚು ತಡೆಯುವ ಸಲಾಕೆ, ಎರಡೂ ದಿಕ್ಕಿನ ಯೂನಿಟ್ ಎಣಿಸುವ ನೆಟ್ ಮೀಟರ್. ಕೊಟೇಶನ್ ಸುಮಾರು 1.80 ಲಕ್ಷದಿಂದ 2.20 ಲಕ್ಷದವರೆಗೆ ಬರುತ್ತದೆ. ಕೇಂದ್ರ ಸರ್ಕಾರದ ಸಬ್ಸಿಡಿ 78,000 ರೂಪಾಯಿ ಗ್ರಾಹಕರ ಬ್ಯಾಂಕ್ ಖಾತೆಗೇ ಬರುತ್ತದೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಿಂಗಳಿಗೆ 250 ಯೂನಿಟ್ ದಾಟುವ, ಬಿಸಿಲು ಚೆನ್ನಾಗಿ ಬೀಳುವ ಮಾಡು ಇರುವ ಮನೆಗೆ ಇದು ಕೊಳ್ಳಬೇಕಾದ ಸರಕೇ. ಪ್ಯಾನೆಲ್ ಮತ್ತು ಇನ್ವರ್ಟರ್ ಬಗ್ಗೆ ಹೆಚ್ಚು ತಲೆಬಿಸಿ ಬೇಡ. ಕಾಳಜಿ ಬೇಕಾಗಿರುವುದು ಕೊಟೇಶನ್ನಿನ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸುವ ಸಾಮಾನುಗಳ ಬಗ್ಗೆ: ಚೌಕಟ್ಟು, ಬೋಲ್ಟು, ಕೇಬಲ್, ಅರ್ಥಿಂಗ್. ಸರ್ಕಾರ ಸಬ್ಸಿಡಿ ಲೆಕ್ಕ ಹಾಕುವುದು ಎಷ್ಟು ಕಿಲೋವ್ಯಾಟ್ ಏರಿಸಿದಿರಿ ಎಂಬುದರ ಮೇಲೆ, 25 ವರ್ಷದಲ್ಲಿ ಎಷ್ಟು ಯೂನಿಟ್ ಬಂತು ಎಂಬುದರ ಮೇಲಲ್ಲ. ಪ್ಯಾನೆಲ್ ಯಾವ ಕಂಪನಿಯದು ಎಂದು ಗಿರಾಕಿ ಕೇಳುತ್ತಾನೆ, ಅಲ್ಲಿ ಕಡಿತ ಮಾಡಲು ಆಗುವುದಿಲ್ಲ. ಹಾಗಾಗಿ ಅಂಗಡಿ ಅಂಗಡಿಗಳ ದರದ ಪೈಪೋಟಿ ಪೂರ್ತಿ ಬಂದು ಬೀಳುವುದು ಯಾರೂ ಕೇಳದ ಸಾಮಾನಿನ ಮೇಲೆ. ನಮ್ಮ ಕಡಲು ಮೊದಲು ತಿನ್ನುವುದೂ ಅದನ್ನೇ.

ಈ 78,000 ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೇಂದ್ರ ಸಂಪುಟ 2024ರ ಫೆಬ್ರವರಿಯಲ್ಲಿ 75,021 ಕೋಟಿ ರೂಪಾಯಿಯ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುರಿ ಒಂದು ಕೋಟಿ ಮನೆ. ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಅದರ ಮೇಲೆ ಎಷ್ಟು ಹಾಕಿದರೂ ಹೆಚ್ಚಿಗೆ ಇಲ್ಲ. ಪ್ಯಾನೆಲ್ಲುಗಳ ಒಟ್ಟು ಸಾಮರ್ಥ್ಯ, ಇನ್ವರ್ಟರಿನ ಸಾಮರ್ಥ್ಯ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆರರ ಬದಲು ಐದೇ ಪ್ಯಾನೆಲ್ ಕೂರಿಸಿದರೆ 2.7 ಕಿಲೋವ್ಯಾಟ್ ಆಗಿ ಸಬ್ಸಿಡಿ 72,600ಕ್ಕೆ ಇಳಿಯುತ್ತದೆ.

ಇನ್ನೊಂದು ಷರತ್ತು ಇದೆ. ಪ್ಯಾನೆಲ್ ಡಿಸಿಆರ್ ಆಗಿರಬೇಕು. ಅಂದರೆ ಪ್ಯಾನೆಲ್ ಜೋಡಿಸಿದ್ದು ಮಾತ್ರವಲ್ಲ, ಬೆಳಕನ್ನು ವಿದ್ಯುತ್ ಮಾಡುವ ಒಳಗಿನ ಕೋಶವೂ ಭಾರತದಲ್ಲೇ ತಯಾರಾಗಿರಬೇಕು. ಹೊರಗಿನ ಕೋಶ ತರಿಸಿ ಇಲ್ಲಿ ಜೋಡಿಸಿದ ಪ್ಯಾನೆಲ್‌ಗಿಂತ ಡಿಸಿಆರ್ ಪ್ಯಾನೆಲ್ ವ್ಯಾಟಿಗೆ ಸುಮಾರು 8ರಿಂದ 10 ರೂಪಾಯಿ ದುಬಾರಿ. ಆರು ಪ್ಯಾನೆಲ್ಲಿನ 3,240 ವ್ಯಾಟಿಗೆ ಈ ವ್ಯತ್ಯಾಸ 26ರಿಂದ 32 ಸಾವಿರ ಆಗುತ್ತದೆ. ನಿಮ್ಮ ಕೈಗೆ ಬರುವ 78,000ದಲ್ಲಿ ಮೂರನೇ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚು ಕೋಶ ತಯಾರಿಸುವ ಕಾರ್ಖಾನೆಗೆ ಹೋಗುತ್ತದೆ ಎಂದು ತಿಳಿಯಿರಿ. ಆದರೂ 3 ಕಿಲೋವ್ಯಾಟಿಗೆ ಸಬ್ಸಿಡಿ ದಾರಿಯೇ ಲಾಭ, ಸುಮಾರು 50 ಸಾವಿರ ಉಳಿಯುತ್ತದೆ. ದೊಡ್ಡ ಮನೆಗೆ 8–9 ಕಿಲೋವ್ಯಾಟ್ ಹಾಕುವವರಿಗೆ ಮಾತ್ರ ಲೆಕ್ಕ ತಿರುಗುತ್ತದೆ: ಡಿಸಿಆರ್‌ಗೆ ಕೊಟ್ಟ ಹೆಚ್ಚುವರಿ ಹಣವೇ 78,000 ಮುಟ್ಟಿಬಿಡುತ್ತದೆ, ಸಬ್ಸಿಡಿ ಸಿಕ್ಕಿಯೂ ಸಿಗದ ಹಾಗೆ. ಅಂಥವರು ಎರಡೂ ಬಗೆಯ ಕೊಟೇಶನ್ ಪಡೆದು ಹೋಲಿಸಲೇಬೇಕು. ಆದರೆ ಡಿಸಿಆರ್ ಅಲ್ಲದ ಪ್ಯಾನೆಲ್ಲಿನ ಈ ಆಯ್ಕೆಗೆ ಕಾಲಮಿತಿ ಇದೆ. ಸರ್ಕಾರ ಒಪ್ಪಿದ ತಯಾರಕರ ಪಟ್ಟಿ 2024ರ ಏಪ್ರಿಲ್‌ನಿಂದ ಪ್ಯಾನೆಲ್‌ಗಳಿಗೆ ಮತ್ತೆ ಕಡ್ಡಾಯವಾಯಿತು. 2026ರ ಜೂನ್ 1ರಿಂದ ಕೋಶಗಳಿಗೂ ಅಂಥದ್ದೇ ಪಟ್ಟಿ ಕಡ್ಡಾಯ ಎಂದು ಕೇಂದ್ರ 2024ರ ಡಿಸೆಂಬರಿನಲ್ಲೇ ಆದೇಶ ಹೊರಡಿಸಿದೆ.

ಈ ರಕ್ಷಣೆ ಸರಿಯೇ ತಪ್ಪೇ ಎಂದು ಚರ್ಚಿಸುವವರು ಸೋಲಾರ್ ಕೋಶದ ಹಿಂದಿನ ಕಥೆ ನೋಡಬೇಕು. ಸಿಲಿಕಾನ್ ಕೋಶ 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಇವತ್ತು ನಮ್ಮ ಮಾಡಿನ ಮೇಲಿರುವ ಪರ್ಕ್ ಎಂಬ ಬಗೆಯ ಕೋಶದ ವಿನ್ಯಾಸ ಬಂದದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ, ಮಾರ್ಟಿನ್ ಗ್ರೀನ್ ಅವರ ತಂಡದಿಂದ, 1980ರ ದಶಕದಲ್ಲಿ. ಟಾಪ್‌ಕಾನ್ ಎಂಬ ಮುಂದಿನ ಪೀಳಿಗೆಯ ಕೋಶ ಹೆಸರಾದದ್ದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಿಂದ. ಮಾರುಕಟ್ಟೆ ಹುಟ್ಟಿಸಿದ್ದು 2000ನೇ ಇಸವಿಯ ಜರ್ಮನ್ ಕಾನೂನು: ಪ್ಯಾನೆಲ್ ಕೊಂಡಿದ್ದಕ್ಕಲ್ಲ, ಗ್ರಿಡ್ಡಿಗೆ ಕೊಟ್ಟ ಪ್ರತಿ ಯೂನಿಟ್ಟಿಗೆ 20 ವರ್ಷ ನಿಗದಿತ ದರ. ಆ ಬೇಡಿಕೆಗೆ ಕಾರ್ಖಾನೆ ಕಟ್ಟಿ ಬೆಲೆ ನೆಲಕ್ಕಿಳಿಸಿದ್ದು ಚೀನಾ. ಪ್ಯಾನೆಲ್ ತಯಾರಿಕೆಯ ಪ್ರತಿ ಹಂತದಲ್ಲೂ ಅದರ ಪಾಲು ಶೇ. 80 ಮೀರಿದೆ. ಹೊಸದು ಕಂಡುಹಿಡಿದವರೊಬ್ಬರು, ಸಬ್ಸಿಡಿ ಕೊಟ್ಟವರೊಬ್ಬರು, ಕಾರ್ಖಾನೆ ಉಳಿಸಿಕೊಂಡವರು ಮತ್ತೊಬ್ಬರು.

ಭಾರತ ತಡವಾಗಿ ಹೊರಟಿತು. ರಾಷ್ಟ್ರೀಯ ಸೋಲಾರ್ ಮಿಷನ್ನಿನಲ್ಲಿ ದೇಶೀ ಕೋಶ ಕಡ್ಡಾಯ ಮಾಡಿದ್ದಕ್ಕೆ ಅಮೆರಿಕ ವಿಶ್ವ ವ್ಯಾಪಾರ ಸಂಘಟನೆಗೆ ದೂರು ಕೊಟ್ಟು 2016ರಲ್ಲಿ ಗೆದ್ದಿತು. ಅಮೆರಿಕದ ರಾಜ್ಯಗಳೂ ಅದನ್ನೇ ಮಾಡುತ್ತಿವೆ ಎಂದು ಭಾರತ ಹೂಡಿದ ದಾವೆಯಲ್ಲಿ 2019ರಲ್ಲಿ ಭಾರತದ ಪರ ತೀರ್ಪು ಬಂತು. ಆಮೇಲೆ 2022ರ ಏಪ್ರಿಲ್‌ನಲ್ಲಿ ಆಮದು ಪ್ಯಾನೆಲ್‌ಗೆ ಶೇ. 40, ಕೋಶಕ್ಕೆ ಶೇ. 25 ಸುಂಕ ಬಿತ್ತು. ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನವಾಗಿ ಎರಡು ಕಂತಿನಲ್ಲಿ 24,000 ಕೋಟಿ ಇಟ್ಟರು. ಫಲ ಕಾಣುತ್ತಿದೆ: ಬೆಂಗಳೂರಿನ ಎಂವಿಯಂಥ ಕಂಪನಿ ಕರ್ನಾಟಕದಲ್ಲೇ ಟಾಪ್‌ಕಾನ್ ಕೋಶ ಮಾಡುತ್ತಿದೆ. ಆದರೆ ಕೋಶಕ್ಕೆ ಬೇಕಾದ ಸಿಲಿಕಾನ್ ಬಿಲ್ಲೆ ಇಂದಿಗೂ ಬಹುಪಾಲು ಹೊರಗಿನದು. ದೇಶೀ ಕೋಶಕ್ಕೆ ನಾವು ಹೆಚ್ಚಿಗೆ ಕೊಡುವ ಹಣ ಸಾರ್ಥಕವಾಗಬೇಕಾದರೆ ಬಿಲ್ಲೆಯ ಕಾರ್ಖಾನೆ ಮತ್ತು ಸಂಶೋಧನೆಯ ಕಡೆಗೂ ಅದು ಹರಿಯಬೇಕು. ಕೊಳ್ಳುವವರ ಸಬ್ಸಿಡಿ ಒಂದರಿಂದ ಅದು ಆಗುವುದಿಲ್ಲ.

ಪರ್ಕೋ ಟಾಪ್‌ಕಾನೋ? ಸೆಕೆಯಲ್ಲಿ ಟಾಪ್‌ಕಾನ್ ಕಡಿಮೆ ಸೊರಗುತ್ತದೆ ಎಂಬುದು ನಿಜ. ಮಾರ್ಚ್ ಮಧ್ಯಾಹ್ನ ಕಾರವಾರದ ಮಾಡಿನ ಮೇಲೆ ಕೋಶದ ಬಿಸಿ 60 ಡಿಗ್ರಿ ಮುಟ್ಟಿತು ಎನ್ನಿ. 25 ಡಿಗ್ರಿಯ ಮೇಲಿನ ಪ್ರತಿ ಡಿಗ್ರಿಗೆ ಪರ್ಕ್ ಶೇ. 0.35, ಟಾಪ್‌ಕಾನ್ ಶೇ. 0.30 ಕಳೆದುಕೊಳ್ಳುತ್ತದೆ. ಅಂದರೆ 12.25 ಮತ್ತು 10.5. ವ್ಯತ್ಯಾಸ ಎರಡರ ಒಳಗೇ. ಸವಕಳಿಯೂ ಟಾಪ್‌ಕಾನ್‌ನಲ್ಲಿ ತುಸು ಕಡಿಮೆ. ಎರಡೂ ಮುಖದಿಂದ ಬೆಳಕು ಹೀರುವ ಪ್ಯಾನೆಲ್ ಎಂಬ ಹೊಗಳಿಕೆಗೆ ಹಂಚಿನ ಮಾಡಿನ ಮೇಲೆ ಅರ್ಥವಿಲ್ಲ, ಅಡಿಯಲ್ಲಿ ಬೆಳಕೇ ಇರುವುದಿಲ್ಲ. ಟಾಪ್‌ಕಾನ್ ಕೋಶದ ಲೋಹದ ಗೆರೆಗಳು ತೇವ ಮತ್ತು ಉಪ್ಪು ಸೇರಿದಲ್ಲಿ ಬೇಗ ಹಾಳಾಗುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಂಡಿದೆ. ಕಾರವಾರ, ಅಂಕೋಲಾ, ಗೋಕರ್ಣ, ಕುಮಟಾ, ಹೊನ್ನಾವರ, ಭಟ್ಕಳದ ಸಮುದ್ರ ಬದಿಯ ಮನೆಗೆ ಟಾಪ್‌ಕಾನ್ ಕೊಳ್ಳುವುದಾದರೆ ಹಿಂದೆಯೂ ಗಾಜೇ ಇರುವ ಡಬಲ್ ಗ್ಲಾಸ್ ಪ್ಯಾನೆಲ್ಲನ್ನೇ ಕೇಳಿ. ಯಾವುದೇ ಪ್ಯಾನೆಲ್ ಇರಲಿ, ಉಪ್ಪಿನ ಮಂಜಿನ ಪರೀಕ್ಷೆ ಐಇಸಿ 61701 ಪಾಸಾದ ಪ್ರಮಾಣಪತ್ರ ಕೊಡುವಂತೆ ಹೇಳಿ. ದೊಡ್ಡ ತಯಾರಕರ ಬಳಿ ಅದು ಇರುತ್ತದೆ, ಅಂಗಡಿಯವರು ತರಿಸಿಕೊಟ್ಟರೆ ಆಯಿತು.

ಈಗ ಚೌಕಟ್ಟು. ಇಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು. ಕೊಟೇಶನ್ನಿನಲ್ಲಿ "ಜಿಐ ಸ್ಟ್ರಕ್ಚರ್" (ಸತುವು ಲೇಪಿಸಿದ ಕಬ್ಬಿಣದ ಚೌಕಟ್ಟು) ಎಂದಷ್ಟೇ ಬರೆದರೆ ಮೂರು ಬೇರೆ ಬೇರೆ ಸಾಮಾನು ಆಗಬಹುದು. ಒಂದು, ಸಾದಾ ಕಬ್ಬಿಣದ ಪೈಪಿಗೆ ಬೆಳ್ಳಿ ಬಣ್ಣ ಬಳಿದದ್ದು. ಕರಾವಳಿಯಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ವೆಲ್ಡಿಂಗ್ ಜಾಗದಿಂದ ತುಕ್ಕು ಇಳಿಯುತ್ತದೆ. ಎರಡು, ತಗಡಿನ ಹಂತದಲ್ಲೇ ಸತುವಿನ ತೆಳು ಲೇಪ ಕೊಟ್ಟು ಆಮೇಲೆ ಪೈಪು ಮಾಡಿದ್ದು. ಚದರ ಮೀಟರಿಗೆ 120 ಗ್ರಾಂ ಎಂಬ ದರ್ಜೆ ಇದ್ದರೆ ಒಂದೊಂದು ಬದಿಗೆ ಸಿಗುವುದು 8–9 ಮೈಕ್ರಾನ್ ಅಷ್ಟೆ. ಮೂರು, ಕತ್ತರಿಸಿ, ತೂತು ಹೊಡೆದು, ಎಲ್ಲ ಕೆಲಸ ಮುಗಿದ ಮೇಲೆ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದದ್ದು. ಇದರಲ್ಲಿ 80 ಮೈಕ್ರಾನ್ ಸಿಗುತ್ತದೆ. ಕಡಲಿಂದ ನಾಲ್ಕೈದು ಕಿಲೋಮೀಟರ್ ಒಳಗಿನ ಮನೆಗೆ ಮೂರನೆಯದು ಬಿಟ್ಟು ಬೇರೆಯದಕ್ಕೆ ಒಪ್ಪಬಾರದು. "ಹಾಟ್ ಡಿಪ್, ಕನಿಷ್ಠ 80 ಮೈಕ್ರಾನ್" ಎಂದು ಕೊಟೇಶನ್ನಿನಲ್ಲಿ ಬರೆಸಿ, ಸಾಮಾನು ಇಳಿದ ದಿನ ಲೇಪದ ದಪ್ಪ ಅಳೆಯುವ ಮೀಟರ್ ಇಟ್ಟು ನಾಲ್ಕು ಕಡೆ ನೋಡಿಸಿ. ಮೀಟರ್ ಇಲ್ಲವೆಂದರೆ ಕಣ್ಣಲ್ಲೇ ಪತ್ತೆ ಮಾಡಬಹುದು: ಮುಳುಗಿಸಿ ತೆಗೆದ ಪೈಪಿನ ಒಳಬದಿ, ತೂತಿನ ಅಂಚು, ಕತ್ತರಿಸಿದ ತುದಿ ಎಲ್ಲವೂ ಬೂದು ಬಣ್ಣಕ್ಕಿರುತ್ತವೆ. ತುದಿಯಲ್ಲಿ ಬರಿ ಕಬ್ಬಿಣ ಹೊಳೆದರೆ ಅದು ಎರಡನೇ ಬಗೆಯದು.

ಮನೆಯಂಗಳದಲ್ಲಿ ವೆಲ್ಡಿಂಗ್ ಮಾಡಲು ಬಿಡಬೇಡಿ. ವೆಲ್ಡಿಂಗ್ ಬಿಸಿಗೆ ಸತುವು ಸುಟ್ಟುಹೋಗುತ್ತದೆ, ಮೇಲೆ ಬಳಿಯುವ ಸತುವಿನ ಬಣ್ಣ ತಾತ್ಕಾಲಿಕ. ಬೋಲ್ಟು ಹಾಕಿ ಜೋಡಿಸುವ ಚೌಕಟ್ಟೇ ಬೇಕು. ಬೋಲ್ಟುಗಳು ಸ್ಟೇನ್‌ಲೆಸ್‌ನ 304 ದರ್ಜೆಯವು ಘಟ್ಟದ ಮೇಲೆ ಸಾಕು, ಕಡಲ ಬದಿಗೆ 316 ಬೇಕು. ಪ್ಯಾನೆಲ್ಲಿನ ಅಂಚು ಅಲ್ಯೂಮಿನಿಯಂ, ಚೌಕಟ್ಟು ಕಬ್ಬಿಣ. ಎರಡರ ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗುತ್ತದೆ. ಅವು ನೇರ ತಾಗದಂತೆ ರಬ್ಬರಿನ ಪಟ್ಟಿ ಇಡಬೇಕು. ಗಾಳಿಯ ಲೆಕ್ಕವೂ ಇದೆ: ಭಾರತೀಯ ಮಾನಕ 875ರ ಪ್ರಕಾರ ನಮ್ಮ ಕರಾವಳಿಗೆ ಮೂಲ ಗಾಳಿಯ ವೇಗ ಸೆಕೆಂಡಿಗೆ 39 ಮೀಟರ್, ಗಂಟೆಗೆ 140 ಕಿಲೋಮೀಟರ್. ತಾರಸಿಯ ಮೇಲೆ ಆಳೆತ್ತರದ ಕಂಬ ನಿಲ್ಲಿಸಿ ಪ್ಯಾನೆಲ್ ಕೂರಿಸುವುದು ಈಗ ರೂಢಿ. ಎತ್ತರ ಹೆಚ್ಚಿದಂತೆ ಗಾಳಿ ಅಡಿಯಿಂದ ಎತ್ತುವ ಬಲವೂ ಹೆಚ್ಚುತ್ತದೆ. ಅಡಿಪಾಯದ ಕಾಂಕ್ರೀಟ್ ಗಟ್ಟಿಯನ್ನು ತಾರಸಿಗೆ ಕಚ್ಚಿಸದೆ ಬರೀ ಕುಳ್ಳಿರಿಸಿದರೆ ಸಾಲದು.

ಕಾರವಾರದ ಕಡೆ ತಾರಸಿ ಸೋರದಂತೆ ಮೇಲೊಂದು ಶೀಟಿನ ಮಾಡು ಇರುವುದು ಸಾಮಾನ್ಯ. ಶೀಟು ಹಳತಾಗಿದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಪ್ಯಾನೆಲ್. ಕೆಳಗಿನ ಶೀಟು ಕೆಟ್ಟಾಗ ಆರೂ ಪ್ಯಾನೆಲ್ ಇಳಿಸಿ ಮತ್ತೆ ಏರಿಸುವ ಕೂಲಿ ಕಡಿಮೆಯದಲ್ಲ. ಸ್ಕ್ರೂ ಹೊಡೆಯುವುದು ಶೀಟಿನ ಉಬ್ಬಿನ ಮೇಲೆ, ಅಡಿಯ ಕಬ್ಬಿಣದ ಅಡ್ಡಪಟ್ಟಿಗೆ ಸಿಗುವಂತೆ. ತಗ್ಗಿನಲ್ಲಿ ಹೊಡೆದರೆ ನೀರು ನಿಂತು ಸೋರುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಂಚಿನ ಮನೆಗಳದ್ದು ಬೇರೆಯೇ ವಿಷಯ. ಭಾರ ತಾಳುತ್ತದೆಯೇ ಎಂಬ ಹೆದರಿಕೆಗೆ ಕಾರಣವಿಲ್ಲ, ಮರ ಗಟ್ಟಿ ಇದ್ದರೆ ಸಾಕು. ಪ್ಯಾನೆಲ್ ಒಂದೊಂದು 28 ಕಿಲೋದಂತೆ ಆರಕ್ಕೆ 168 ಕಿಲೋ, ಹಳಿ ಕೊಕ್ಕೆ ಸೇರಿ 240ರ ಒಳಗೆ. ಅದು 15 ಚದರ ಮೀಟರಿಗೆ ಹರಡುತ್ತದೆ, ಚದರ ಮೀಟರಿಗೆ 16 ಕಿಲೋ. ಹಂಚಿನ ಭಾರವೇ ಅದರ ಎರಡು ಪಟ್ಟಿಗಿಂತ ಹೆಚ್ಚಿದೆ. ತಪ್ಪಾಗುವುದು ಕೊಕ್ಕೆಯಲ್ಲಿ. ಕೊಕ್ಕೆಯನ್ನು ಪಕಾಸಿಗೆ, ಅಂದರೆ ಮಾಡಿನ ಇಳಿಜಾರಿನ ದಪ್ಪ ಮರಕ್ಕೆ ಬಿಗಿಯಬೇಕು, ಅದರ ಮೇಲಿನ ಅಡ್ಡ ರೀಪಿಗಲ್ಲ. ರೀಪು ಹಂಚನ್ನು ಹೊರಲು ಇರುವುದು, ಗಾಳಿ ಎತ್ತುವಾಗ ಮೊಳೆ ಸಮೇತ ಕಿತ್ತು ಬರುತ್ತದೆ. ಕೊಕ್ಕೆ ಹಾಯುವಲ್ಲಿ ಹಂಚಿನ ಅಂಚನ್ನು ಗ್ರೈಂಡರಿನಲ್ಲಿ ತುಸು ಕೊರೆದು ಜಾಗ ಮಾಡಬೇಕು. ಹಾಗೇ ಒತ್ತಿ ಕೂರಿಸಿದರೆ ಹಂಚು ಸೀಳಿ ಮೊದಲ ಮಳೆಗೇ ಸೋರುತ್ತದೆ. ಹಳೇ ಹಂಚು ಇಪ್ಪತ್ತು ಮೂವತ್ತು ಜಾಸ್ತಿ ತಂದಿಟ್ಟುಕೊಂಡೇ ಕೆಲಸ ಶುರು ಮಾಡಿಸಿ.

ದಿಕ್ಕು ದಕ್ಷಿಣವಾದರೆ ಉತ್ತಮ. ನಮ್ಮದು 15 ಡಿಗ್ರಿ ಅಕ್ಷಾಂಶದ ಆಸುಪಾಸು, ತಾರಸಿಯ ಮೇಲೆ 12ರಿಂದ 15 ಡಿಗ್ರಿ ಓರೆ ಸಾಕು. ಮಳೆನೀರು ಕೊಳೆ ತೊಳೆದುಕೊಂಡು ಹೋಗಲೂ ಅಷ್ಟು ಬೇಕು. ಪೂರ್ವ, ಪಶ್ಚಿಮದ ಹಂಚಿನ ಇಳುಕಲಿನಲ್ಲಿ ನಷ್ಟ ಹೆಚ್ಚೆಂದರೆ ಹತ್ತನೇ ಒಂದು ಪಾಲು, ಅದನ್ನು ಒಪ್ಪಬಹುದು. ಉತ್ತರದ ಇಳುಕಲು ಬೇಡವೇ ಬೇಡ.

ದಿಕ್ಕಿಗಿಂತ ದೊಡ್ಡ ಶತ್ರು ಅಡಿಕೆ ಮರದ ನೆರಳು. ಆರು ಪ್ಯಾನೆಲ್ ಒಂದೇ ಸರಪಳಿಯಲ್ಲಿ ಇರುವುದರಿಂದ, ಕಾಲುವೆಗೆ ಒಂದು ಕಡೆ ಸೋಗೆ ಅಡ್ಡ ಬಿದ್ದರೆ ಕೆಳಗಿನ ಗದ್ದೆಗೆಲ್ಲ ನೀರು ಕಡಿಮೆ ಆಗುವಂತೆ, ಒಂದರ ಮೇಲೆ ಬಿದ್ದ ನೆರಳು ಉಳಿದವನ್ನೂ ಎಳೆಯುತ್ತದೆ. ನೆರಳು ಬಿದ್ದ ಭಾಗವನ್ನು ಬಳಸಿ ವಿದ್ಯುತ್ ಮುಂದೆ ಹೋಗಲು ದಾರಿ ಕೊಡುವ ಬೈಪಾಸ್ ಡಯೋಡ್ ಇದನ್ನು ತಗ್ಗಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಹಾಫ್ ಕಟ್ ಪ್ಯಾನೆಲ್‌ನಲ್ಲಿ ಮೇಲರ್ಧ ಕೆಳಗಿನರ್ಧ ಬೇರೆ ಬೇರೆ ದುಡಿಯುವುದರಿಂದ, ನೆರಳು ಕೆಳಗಿಂದ ಏರಿ ಬರುವಲ್ಲಿ ಪ್ಯಾನೆಲ್ಲನ್ನು ಉದ್ದಕ್ಕೆ ನಿಲ್ಲಿಸಿ ಕೂರಿಸಿದರೆ ಮೇಲಿನರ್ಧವಾದರೂ ಉಳಿಯುತ್ತದೆ. ನೆರಳು ನೋಡಬೇಕಾದದ್ದು ಡಿಸೆಂಬರ್ ಕೊನೆಯಲ್ಲಿ, ಸೂರ್ಯ ದಕ್ಷಿಣಕ್ಕೆ ತೀರ ಇಳಿದಾಗ. ಮೇ ತಿಂಗಳಲ್ಲಿ ಸರ್ವೆ ಮಾಡಿ "ನೆರಳೇ ಇಲ್ಲ" ಎಂದರೆ ಒಪ್ಪಬೇಡಿ. ತೋಟದಂಚಿನ ಕಣಿವೆಯಲ್ಲಿರುವ ಮನೆಗೆ ಗುಡ್ಡ ದಾಟಿ ಬಿಸಿಲು ಬೀಳುವಾಗಲೇ ಒಂಬತ್ತು ಗಂಟೆ. ಅಂಥಲ್ಲಿ ಪ್ರತಿ ಪ್ಯಾನೆಲ್ಲಿಗೆ ಬೇರೆ ಬೇರೆ ಮೈಕ್ರೋಇನ್ವರ್ಟರ್ ಹಾಕಿಸುವುದು ದುಬಾರಿಯಾದರೂ ಸರಿಯಾದ ದಾರಿ. ಇಲ್ಲವಾದರೆ ಗೋದಾಮಿನ ಅಥವಾ ಕೊಟ್ಟಿಗೆಯ ಮಾಡು ನೋಡಿ. ಅಂಗಳದ ಅಡಿಕೆ ಅಟ್ಟದ ಮೇಲೆ ಚೌಕಟ್ಟು ಕಟ್ಟುವ ಸಲಹೆ ಕೊಡುವವರೂ ಇದ್ದಾರೆ. ಅಡಿಕೆ ಒಣಗಿಸುವ ಬಿಸಿಲು, ಕರೆಂಟಿನ ಬಿಸಿಲು ಎರಡೂ ಒಂದೇ ಆದ್ದರಿಂದ ಕೊಯ್ಲಿನ ಕಾಲದಲ್ಲಿ ತೊಂದರೆ ಖಚಿತ.

ಇನ್ವರ್ಟರ್ ಯಾವ ಹೆಸರಿನದು ಎಂಬುದಕ್ಕಿಂತ ಎಲ್ಲಿ ಕೂರುತ್ತದೆ ಎಂಬುದು ಮುಖ್ಯ. 3 ಕಿಲೋವ್ಯಾಟಿನಲ್ಲಿ ಫ್ಯಾನ್ ಇಲ್ಲದೆ ತಣ್ಣಗಾಗುವ ಮಾದರಿಗಳು ಸಿಗುತ್ತವೆ, ಅದನ್ನೇ ಆರಿಸಿ. ಫ್ಯಾನ್ ಉಪ್ಪುಗಾಳಿಯನ್ನು ಒಳಗೆಳೆಯುತ್ತದೆ. ಪಶ್ಚಿಮದ ಗೋಡೆಗೆ ಬೇಡ, ಕಡಲಿಗೆ ಬೆನ್ನು ಹಾಕಿದ ನೆರಳಿನ ಗೋಡೆಗೆ ಹಾಕಿಸಿ. ಪ್ಯಾನೆಲ್ ಬದಿಯ ಪ್ಲಗ್ಗುಗಳು ಎರಡೂ ಒಂದೇ ತಯಾರಕರದಾಗಿರಬೇಕು, ಇಕ್ಕಳದಲ್ಲಿ ಒತ್ತಿದ್ದಾಗಿರದೆ ಅದಕ್ಕೆಂದೇ ಇರುವ ಕ್ರಿಂಪಿಂಗ್ ಉಪಕರಣದಿಂದ ಒತ್ತಿದ್ದಾಗಿರಬೇಕು. ಸೋಲಾರ್ ಮಾಡಿನಲ್ಲಿ ಬೆಂಕಿ ಹುಟ್ಟುವುದು ಹೆಚ್ಚಾಗಿ ಈ ಜಾಗದಲ್ಲೇ. ಕೇಬಲ್‌ಗಳು ಪೈಪಿನೊಳಗೇ ಬರಲಿ. ಜೋತುಬಿದ್ದರೆ ಮಂಗಗಳು ಎಳೆಯದೆ ಬಿಡುವುದಿಲ್ಲ.

ಹಳ್ಳಿಮನೆಗಳಲ್ಲಿ ಅತಿ ಹೆಚ್ಚು ಬರುವ ದೂರು: "ಮಧ್ಯಾಹ್ನ ಬಿಸಿಲು ಜೋರಿದ್ದಾಗಲೇ ಇನ್ವರ್ಟರ್ ಆಫ್ ಆಗುತ್ತದೆ." ಇದು ಇನ್ವರ್ಟರ್ ದೋಷವಲ್ಲ. ಕೈಗಾ, ಕದ್ರಾ, ನಾಗಝರಿಯಂಥ ವಿದ್ಯುತ್ ಕೇಂದ್ರಗಳಿರುವ ಜಿಲ್ಲೆಯಾದರೂ ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ದೂರದ ಒಂಟಿಮನೆಗೆ ಬರುವ ಲೈನ್ ಉದ್ದ ಮತ್ತು ಸಪೂರ. ಆ ಲೈನಿಗೆ ಕರೆಂಟ್ ಹಿಂದಕ್ಕೆ ತಳ್ಳಬೇಕಾದರೆ ಇನ್ವರ್ಟರ್ ತನ್ನ ವೋಲ್ಟೇಜ್ ಏರಿಸಬೇಕು. ಮಿತಿ ದಾಟಿದರೆ ತಾನೇ ನಿಲ್ಲುತ್ತದೆ. ಲೈನ್ ನಮ್ಮ ಕೈಲಿಲ್ಲ, ಮನೆಯೊಳಗಿನ ಕೇಬಲ್ ಇದೆ. ಇನ್ವರ್ಟರಿನಿಂದ ಮೀಟರಿಗೆ 50 ಮೀಟರ್ ಇದ್ದು 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ 13 ಆಂಪಿಯರಿಗೆ ಸುಮಾರು 10 ವೋಲ್ಟ್ ಅಲ್ಲೇ ಏರುತ್ತದೆ. 6 ಚದರ ಮಿಲಿಮೀಟರ್ ಹಾಕಿದರೆ 4 ವೋಲ್ಟ್. ಈ 6 ವೋಲ್ಟಿನ ವ್ಯತ್ಯಾಸದಲ್ಲೇ ಎಷ್ಟೋ ಮನೆಗಳ ಸಮಸ್ಯೆ ಮುಗಿಯುತ್ತದೆ. ಆಮೇಲೂ ಉಳಿದರೆ ಒಂದು ವಾರದ ಮಧ್ಯಾಹ್ನದ ವೋಲ್ಟೇಜನ್ನು ಇನ್ವರ್ಟರ್ ಆ್ಯಪಿನಿಂದ ತೆಗೆದು ಬರಹದಲ್ಲಿ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಕೊಡಿ. 2024ರ ತಿದ್ದುಪಡಿ ನಿಯಮದಂತೆ 5 ಕಿಲೋವ್ಯಾಟ್ ವರೆಗಿನ ಮಾಡಿನ ಸೋಲಾರಿಗೆ ಬೇಕಾದ ಲೈನ್ ಬಲಪಡಿಸುವ ಖರ್ಚು ವಿತರಣಾ ಕಂಪನಿಯದೇ.

ಅರ್ಥಿಂಗ್ ಮೂರು ಬೇರೆ ಬೇರೆ ಬೇಕು: ಚೌಕಟ್ಟು ಮತ್ತು ಡಿಸಿ ಬದಿಗೆ ಒಂದು, ಎಸಿ ಬದಿಗೆ ಒಂದು, ಮಿಂಚಿನ ಸಲಾಕೆಗೆ ಒಂದು. ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ವಿದ್ಯುತ್ತನ್ನು ಹೀರುವುದಿಲ್ಲ. ಜುಲೈನಲ್ಲಿ ಅಳೆದು 4 ಓಂ (ಕಡಿಮೆ ಇದ್ದಷ್ಟು ಒಳ್ಳೆಯದು) ತೋರಿಸಿದ ಅರ್ಥಿಂಗ್ ಗುಂಡಿ ಏಪ್ರಿಲ್‌ನಲ್ಲಿ ಅದರ ಹಲವು ಪಟ್ಟು ತೋರಿಸಬಹುದು, ಸಿಡಿಲು ಬರುವುದೂ ಏಪ್ರಿಲ್, ಮೇ ತಿಂಗಳಲ್ಲೇ. ಗುಂಡಿಗೆ ತೇವ ಹಿಡಿದಿಡುವ ಬೆಂಟೋನೈಟ್ ಮಣ್ಣು ತುಂಬಿಸಿ, ಬಚ್ಚಲು ನೀರು ಹೋಗುವ ತಂಪು ಜಾಗ ಆರಿಸಿ, ಒಣಗಾಲದಲ್ಲಿ ಮತ್ತೊಮ್ಮೆ ಅಳೆಯಿಸಿ. ಡಿಸಿ, ಎಸಿ ಪೆಟ್ಟಿಗೆಗಳಲ್ಲಿ ಸಿಡಿಲಿನ ಹೊಡೆತ ತಡೆಯುವ ಸಾಧನಕ್ಕೆ ಒಂದು ಕಿಟಕಿ ಇರುತ್ತದೆ. ಹಸಿರಿದ್ದರೆ ಸರಿ, ಕೆಂಪಾದರೆ ಅದು ಸತ್ತಿದೆ. ದೊಡ್ಡ ಗುಡುಗಿನ ರಾತ್ರಿಯ ಮಾರನೇ ದಿನ ನೋಡಿ.

ಆನ್‌ಗ್ರಿಡ್ ಸೆಟ್, ಅಂದರೆ ಹೆಸ್ಕಾಂ ಲೈನಿಗೆ ಜೋಡಿಸಿದ ಬ್ಯಾಟರಿಯಿಲ್ಲದ ಈ ಸೆಟ್, ಕರೆಂಟ್ ಹೋದಾಗ ಕೆಲಸ ಮಾಡುವುದಿಲ್ಲ. ಮಾರುವಾಗ ಇದನ್ನು ಸ್ಪಷ್ಟವಾಗಿ ಹೇಳುವವರು ಕಡಿಮೆ. ಕಂಬದ ಮೇಲೆ ಲೈನ್‌ಮನ್ ಇದ್ದಾಗ ಮನೆಯಿಂದ ವಿದ್ಯುತ್ ಹರಿಯಬಾರದು ಎಂಬುದಕ್ಕಾಗಿ ಗ್ರಿಡ್ ಸತ್ತ ಕೂಡಲೇ ಇನ್ವರ್ಟರ್ ಕಡ್ಡಾಯವಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರಿಗೆ ಇದು ದೊಡ್ಡ ಕೊರತೆ. ಬ್ಯಾಟರಿ ಸಹಿತದ ಹೈಬ್ರಿಡ್ ಇನ್ವರ್ಟರಿಗೆ ಯೋಜನೆಯಲ್ಲಿ ಅವಕಾಶ ಇದೆ, ಆದರೆ ಸಬ್ಸಿಡಿ ಸೋಲಾರ್ ಭಾಗಕ್ಕೆ ಮಾತ್ರ. ಲಿಥಿಯಂ ಬ್ಯಾಟರಿಯ ಖರ್ಚು ಪೂರ್ತಿ ನಿಮ್ಮದು. ಮನೆಯಲ್ಲಿ ಈಗಾಗಲೇ ಯುಪಿಎಸ್, ಟ್ಯೂಬುಲರ್ ಬ್ಯಾಟರಿ ಇದ್ದರೆ ಅದನ್ನೇ ಉಳಿಸಿಕೊಳ್ಳುವುದು ಜಾಣತನ. ಒಂದು ಎಚ್ಚರ: ಸೋಲಾರಿನ ಎಸಿ ತಂತಿ ಯುಪಿಎಸ್‌ಗೆ ಮುಂಚಿನ ಮೇನ್ ಬದಿಗೆ ಸೇರಬೇಕು. ಯುಪಿಎಸ್‌ನ ಹೊರಬದಿಗೆ ಸೇರಿಸಿದರೆ ಸೋಲಾರ್ ಇನ್ವರ್ಟರ್ ಅದನ್ನೇ ಗ್ರಿಡ್ ಎಂದು ತಿಳಿದು ವಿದ್ಯುತ್ ತಳ್ಳಿ ಯುಪಿಎಸ್ ಸುಡುತ್ತದೆ.

ಈಗ ಲಾಭದ ಲೆಕ್ಕ. ನೆರಳಿಲ್ಲದ ಮಾಡಿನಲ್ಲಿ ಈ ಸೆಟ್ ವರ್ಷಕ್ಕೆ 4,000ದಿಂದ 4,500 ಯೂನಿಟ್ ಕೊಡುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ದಿನಕ್ಕೆ 14–15 ಯೂನಿಟ್ ಬಂದರೆ ಜುಲೈನಲ್ಲಿ ಆರೇಳಕ್ಕೆ ಇಳಿಯುತ್ತದೆ. 2025–26ರ ದರದಂತೆ ಮನೆಬಳಕೆಯ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಮೇಲೆ ತೆರಿಗೆ. ತಿಂಗಳಿಗೆ 300 ಯೂನಿಟ್ ಸುಡುವ ಮನೆಗೆ ವರ್ಷಕ್ಕೆ 20 ಸಾವಿರದ ಆಸುಪಾಸು ಉಳಿತಾಯ. 1.95 ಲಕ್ಷದ ಸೆಟ್ಟಿಗೆ ಸಬ್ಸಿಡಿ ಕಳೆದು 1.17 ಲಕ್ಷ, ಆರು ವರ್ಷದಲ್ಲಿ ಹಣ ವಾಪಸ್. ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕ ಮಾತ್ರ ಹಾಗೇ ಉಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಕೊಟೇಶನ್ ಹಳೇ ತೆರಿಗೆಯಲ್ಲಿದ್ದರೆ ಬದಲಿಸಿಕೊಡಲು ಹೇಳಿ.

ತಿಂಗಳಿಗೆ 200ರ ಒಳಗೆ ಬಳಸಿ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಪಡೆಯುವ ಮನೆಗೆ ಈ ಲೆಕ್ಕ ನಿಲ್ಲುವುದಿಲ್ಲ. ಉಳಿಸಲು ಬಿಲ್ಲೇ ಇಲ್ಲ. ಉಳಿದ ಯೂನಿಟ್ ಮಾರೋಣವೆಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ನಿಗದಿ ಮಾಡುವ ದರ ಬಳಕೆ ದರಕ್ಕಿಂತ ಬಹಳ ಕಡಿಮೆ, ಸಬ್ಸಿಡಿ ಪಡೆದವರಿಗೆ ಇನ್ನೂ ಕಡಿಮೆ. ಒಂದು ಸರ್ಕಾರದ ಸಬ್ಸಿಡಿ ಕರೆಂಟ್ ಬಳಸಲು, ಇನ್ನೊಂದರದ್ದು ಕರೆಂಟ್ ತಯಾರಿಸಲು. ಒಂದೇ ಮನೆಯಲ್ಲಿ ಎರಡೂ ಸೇರಿದರೆ ಮೊದಲನೆಯದು ಎರಡನೆಯದನ್ನು ಹೊಡೆದುಹಾಕುತ್ತದೆ. 2013ರಲ್ಲಿ ಕೆಇಆರ್‌ಸಿ ಮಾಡಿನ ಸೋಲಾರಿನ ಪ್ರತಿ ಯೂನಿಟ್ಟಿಗೆ ಸಬ್ಸಿಡಿ ಇಲ್ಲದವರಿಗೆ 9.56 ರೂಪಾಯಿ, ಇದ್ದವರಿಗೆ 7.20 ನಿಗದಿ ಮಾಡಿತ್ತು. ಆ ದರ ಇವತ್ತು ಬೇಕಿಲ್ಲ, ಪ್ಯಾನೆಲ್ ಅಗ್ಗವಾಗಿದೆ. ಆದರೆ ಹಣವನ್ನು ಯೂನಿಟ್ಟಿಗೆ ಕಟ್ಟುವ ಆ ಕ್ರಮ ಸರಿಯಾಗಿತ್ತು. ಸಬ್ಸಿಡಿಯ ಅರ್ಧವನ್ನಾದರೂ ಐದಾರು ವರ್ಷ ಉತ್ಪಾದನೆಯ ಮೇಲೆ ಕೊಟ್ಟರೆ ತುಕ್ಕು ಹಿಡಿಯುವ ಪೈಪು ಮಾರುಕಟ್ಟೆಯಿಂದ ತಾನಾಗಿ ಹೊರಬೀಳುತ್ತದೆ. ತೋಟದ ಪಂಪ್‌ಸೆಟ್ಟಿಗೆ ಈ ಸೋಲಾರ್ ಸೇರುವುದಿಲ್ಲ, ಅದರ ಆರ್‌ಆರ್ ನಂಬರ್ ಬೇರೆ.

220–240 ಯೂನಿಟ್ಟಿನ ಮನೆಗೆ 2 ಕಿಲೋವ್ಯಾಟೇ ಸರಿ. ಸಬ್ಸಿಡಿ 60,000, ಮೊದಲೆರಡು ಕಿಲೋವ್ಯಾಟಿಗೇ ಸರ್ಕಾರ ಹೆಚ್ಚು ಕೊಡುವುದು. ಎಲ್ಲರಿಗೂ 3 ಎಂದು ಹೇಳುವುದು ಮಾರುವವರ ಅನುಕೂಲಕ್ಕೆ.

ಕಾಗದಪತ್ರದಲ್ಲಿ ಸಿಕ್ಕಿಬೀಳುವ ಜಾಗ ಒಂದೇ: ಹೆಸರು. ಕರೆಂಟ್ ಬಿಲ್ ತೀರಿಹೋದ ಅಜ್ಜನ ಹೆಸರಲ್ಲಿ, ಬ್ಯಾಂಕ್ ಖಾತೆ ಮೊಮ್ಮಗನ ಹೆಸರಲ್ಲಿ ಇದ್ದರೆ ಸಬ್ಸಿಡಿ ಅಲ್ಲೇ ನಿಲ್ಲುತ್ತದೆ. ಯೋಜನೆಯ ಪೋರ್ಟಲ್ಲಿಗೆ ಹೋಗುವ ಮೊದಲು ಆರ್‌ಆರ್ ನಂಬರಿನ ಹೆಸರು ಬದಲಿಸಿಕೊಳ್ಳಿ. 10 ಕಿಲೋವ್ಯಾಟ್ ವರೆಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಈಗ ಬೇಕಿಲ್ಲ. ಸಾಲ ಬೇಕಿದ್ದರೆ 3 ಕಿಲೋವ್ಯಾಟ್ ವರೆಗೆ ಅಡಮಾನವಿಲ್ಲದೆ ರೆಪೋ ದರಕ್ಕೆ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಶೇ. ಅರ್ಧ ಸೇರಿಸಿದ ಬಡ್ಡಿಗೆ ಬ್ಯಾಂಕುಗಳು ಕೊಡುತ್ತವೆ, ಬೇರೆ ಸಾಲ ಹುಡುಕಬೇಡಿ.

ಹಣ ಕೊಡುವುದನ್ನು ಮೂರು ಕಂತು ಮಾಡಿ: ಸಾಮಾನು ಇಳಿದು ಪ್ಯಾನೆಲ್ಲಿನ ಸೀರಿಯಲ್ ನಂಬರ್ ಡಿಸಿಆರ್ ಪ್ರಮಾಣಪತ್ರದೊಂದಿಗೆ ತಾಳೆಯಾದ ಮೇಲೆ ದೊಡ್ಡ ಕಂತು, ಕೂರಿಸಿದ ಮೇಲೆ ಇನ್ನೊಂದು, ನೆಟ್ ಮೀಟರ್ ತಿರುಗಿದ ಮೇಲೆ ಕೊನೆಯ ಹತ್ತನೇ ಒಂದು ಪಾಲು. ಐದು ವರ್ಷ ನಿರ್ವಹಣೆ ಮಾಡಿಕೊಡುವುದು ಯೋಜನೆಯಡಿ ಕೂರಿಸಿದವರ ಹೊಣೆ. ಆ ಮಾತು ಒಪ್ಪಂದದಲ್ಲಿ ಇದೆಯೇ ನೋಡಿ, ವರ್ಷಕ್ಕೆ ಎಷ್ಟು ಭೇಟಿ, ಬೋಲ್ಟು ಬಿಗಿಯುವುದು, ಅರ್ಥಿಂಗ್ ಅಳೆಯುವುದು ಸೇರಿದೆಯೇ ಎಂದು ಬರೆಸಿ. ತೊಳೆಯುವ ಕೆಲಸ ನಿಮ್ಮದು: ಮಳೆ ನಿಂತ ಮೇಲೆ ತಿಂಗಳಿಗೊಮ್ಮೆ, ಬೆಳಿಗ್ಗೆ ಗಾಜು ತಣ್ಣಗಿರುವಾಗ, ಮೆತ್ತನೆ ಬಟ್ಟೆಯಿಂದ. ಕಡಲ ಬದಿಯ ಬಾವಿಯ ನೀರು ಉಪ್ಪಾಗಿದ್ದರೆ ಅದನ್ನು ಬಳಸಬೇಡಿ, ಒಣಗಿದ ಮೇಲೆ ಬಿಳಿ ಪದರ ಉಳಿಯುತ್ತದೆ; ನಲ್ಲಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಆಗಬಹುದು. ಘಟ್ಟದ ಮೇಲೆ ಪ್ಯಾನೆಲ್ಲಿನ ಕೆಳ ಅಂಚಿನಲ್ಲಿ ಕಟ್ಟುವ ಪಾಚಿಯನ್ನು ಅಕ್ಟೋಬರಿನಲ್ಲೇ ತೆಗೆಯಬೇಕು. ತಂತಿ ಬ್ರಷ್, ಸೋಪಿನ ಪುಡಿ ಮುಟ್ಟಿಸಬೇಡಿ.